ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಶುರುವಾಗದಿದ್ದರೆ

ಬದಿಯಡ್ಕದ ನಿಮ್ಮ ವಾಚನಾಲಯದ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೀರಿ. ವೆಬ್ ಪುಟಗಳನ್ನು ಒದಗಿಸುವ ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ಶುರು ಮಾಡಿದರೆ 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಅಂತ ಬರುತ್ತಿದೆ. ಎಲ್ಲ ಅಳಿಸಿ ಮತ್ತೆ ಹಾಕಲಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ.

ವೆಬ್ ಸರ್ವರ್ ಸಾಮಾನ್ಯವಾಗಿ 80ನೇ ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನ 80 ಸಂಖ್ಯೆಯ ಬಾಗಿಲಲ್ಲಿ, ಕೂರುತ್ತದೆ. ಅಲ್ಲಿ ಮೊದಲೇ ಬೇರೆ ಯಾವುದೋ ಪ್ರೋಗ್ರಾಮ್ ಕೂತಿದೆ, ಅಷ್ಟೇ. ಕಳೆದ ವಾರ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಹಾಕಿ ನೋಡಿದ್ದೆ ಅಂತಲೂ ಬರೆದಿದ್ದೀರಿ, ಅಲ್ವಾ? ಉಬುಂಟುವಿನಲ್ಲಿ ಅಪಾಚೆ ಇನ್‌ಸ್ಟಾಲ್ ಆದ ಕೂಡಲೇ ತಾನಾಗಿ ಶುರುವಾಗುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಮತ್ತೆ ಏಳುತ್ತದೆ. ಇದು ಗೊತ್ತಿಲ್ಲದೆ ನನ್ನದೂ ಎರಡು ದಿನ ಹೋಗಿತ್ತು.

ಊಹೆ ಮಾಡುವುದಕ್ಕಿಂತ ನೋಡಿಬಿಡಿ. ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ' (sudo ss -ltnp) ಕೊಡಿ, ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. 80ರ ಸಾಲಿನ ಕೊನೆಯಲ್ಲಿ ಅಪಾಚೆ2 ಕಂಡರೆ 'ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಅಪಾಚೆ2' (sudo systemctl disable --now apache2) ಕೊಡಿ. ಸುಮ್ನೆ ಸ್ಟಾಪ್ ಮಾಡಿದರೆ ಸಾಲದು, ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಅದೇ ಕತೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಆಮೇಲೆ ಎಂಜಿನ್‌ಎಕ್ಸ್ ಸ್ಟಾರ್ಟ್ ಮಾಡಿ.

ಇನ್ನೊಂದು ಮಾತು. ನಿಮ್ಮ ಪುಸ್ತಕಪಟ್ಟಿ ಕನ್ನಡದಲ್ಲಿದೆ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಿ, ಎಂಜಿನ್‌ಎಕ್ಸ್‌ನ ಸೆಟ್ಟಿಂಗ್ ಫೈಲಿನ ಸರ್ವರ್ ಬ್ಲಾಕಿನಲ್ಲಿ 'ಚಾರ್‌ಸೆಟ್ ಯುಟಿಎಫ್-8;' (charset utf-8;) ಎಂಬ ಸಾಲು ಸೇರಿಸಿ. ಇಲ್ಲದಿದ್ದರೆ ಅಕ್ಷರದ ಬದಲು ಏನೇನೋ ಗುರುತು ಕಾಣಬಹುದು. ಬದಲಾಯಿಸಿದ ಮೇಲೆ 'ಸುಡೋ ಎಂಜಿನ್‌ಎಕ್ಸ್ -ಟಿ' (sudo nginx -t) ಕೊಟ್ಟು ತಪ್ಪಿಲ್ಲ ಅಂತ ಖಚಿತ ಮಾಡಿಕೊಂಡೇ ರೀಲೋಡ್ ಮಾಡಿ. ಆಗಲೂ ಬರದಿದ್ದರೆ ಆ ಎಸ್‌ಎಸ್ ತೋರಿಸಿದ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.