ಹೂವಿಗೂ ತಿಂಗಳಿಗೂ ನಡುವೆ

ನಮಸ್ಕಾರ. ಪ್ರಾಚೀನ ಗ್ರೀಸಿನ ಅಥೆನ್ಸಿನವರ ಅಂಥೆಸ್ತೆರಿಯೋನ್ ತಿಂಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ಸಾಲು ನಿನ್ನೆ ರಾತ್ರಿಯಿಂದ ತಲೆ ಬಿಟ್ಟು ಹೋಗುತ್ತಿಲ್ಲ.

ಮೊದಲನೆಯದು: ‘ಅಂಥೊಸ್ ಅಂದರೆ ಹೂವು, ಹಾಗಾಗಿ ಇದು ಹೂ ಅರಳುವ ತಿಂಗಳು.’ ಈ ‘ಹಾಗಾಗಿ’ ತುಂಬಾ ಅವಸರದ್ದು. ಹೂವಿಗೂ ತಿಂಗಳಿಗೂ ನಡುವೆ ಒಂದು ಹಬ್ಬ ಇದೆ, ಅಂಥೆಸ್ತೇರಿಯ. ಅದನ್ನೇ ಹಾರಿಬಿಟ್ಟಿದ್ದೀರಿ. ತಿಂಗಳ 11ರಿಂದ 13ರವರೆಗೆ ಡಯೋನಿಸಸ್ ದೇವರ ಹಬ್ಬ. ಮೊದಲ ದಿನ ಹೊಸ ದ್ರಾಕ್ಷಾರಸದ ಗುಡಾಣಗಳ ಬಾಯಿ ತೆಗೆಯುತ್ತಿದ್ದರು, ಮರುದಿನ ಒಬ್ಬೊಬ್ಬರೂ ತಮ್ಮ ತಮ್ಮ ಹೂಜಿಯಿಂದ ಮಾತಿಲ್ಲದೆ ಕುಡಿಯುತ್ತಿದ್ದರು, ಮೂರನೇ ದಿನ ಮಡಕೆಯಲ್ಲಿ ಕಾಳು ಬೇಯಿಸಿ ಹರ್ಮಿಸ್ ದೇವರಿಗೆ ಇಡುತ್ತಿದ್ದರು. ತಿಂಗಳ ಹೆಸರು ಈ ಹಬ್ಬದಿಂದ ಬಂದದ್ದು ಅಂತ ಪದವೂ ಹೇಳುತ್ತದೆ. ಹಬ್ಬದ ಹೆಸರು ನಪುಂಸಕ ಲಿಂಗ, ಬಹುವಚನ. ಅದರ ಕೊನೆಯ ‘ಅ’ ತೆಗೆದು ‘ಓನ್’ ಹಚ್ಚಿದರೆ ತಿಂಗಳ ಹೆಸರು. ಅದು ಪುಲ್ಲಿಂಗ, ಯಾಕೆಂದರೆ ಗ್ರೀಕಿನಲ್ಲಿ ತಿಂಗಳು ಅನ್ನುವ ‘ಮೇನ್’ ಪದವೇ ಪುಲ್ಲಿಂಗ. ಥಾರ್ಗೇಲಿಯ ಹಬ್ಬದಿಂದ ಥಾರ್ಗೇಲಿಯೋನ್ ಆದದ್ದೂ ಹೀಗೇ. ನಮ್ಮ ಚೈತ್ರ ಬಂದದ್ದು ಚಿತ್ರಾ ನಕ್ಷತ್ರದಿಂದ, ಅವರ ತಿಂಗಳು ಬಂದದ್ದು ಹಬ್ಬದಿಂದ. ಲೇಖನದ ಜೀವ ಇರಬೇಕಾಗಿದ್ದು ಇಲ್ಲೇ ಅಲ್ವಾ?

ಎರಡನೆಯದು: ‘ಶಾಸನಗಳಲ್ಲಿ ಅಂಥೆಸ್ತೆರಿಯೋನೊಸ್ ಎಂಬ ಇನ್ನೊಂದು ಹೆಸರೂ ಸಿಗುತ್ತದೆ.’ ಇನ್ನೊಂದು ಹೆಸರಲ್ಲ ಅದು, ಷಷ್ಠೀ ವಿಭಕ್ತಿ. ತಾರೀಖು ಬರೆಯುವಾಗ ‘ಇಂಥ ತಿಂಗಳ’ ಇಷ್ಟನೇ ದಿನ ಅಂತ ಬರೆಯಬೇಕು, ಅದಕ್ಕೆ ಆ ರೂಪ. ‘ಚೈತ್ರದ ಪಾಡ್ಯ’ ಅಂತ ಎಲ್ಲೋ ನೋಡಿದ ಪರದೇಶದವನು ಈ ತಿಂಗಳಿಗೆ ‘ಚೈತ್ರದ’ ಅನ್ನುವ ಹೆಸರೂ ಇದೆ ಅಂತ ಬರೆದರೆ ನೀವು ಸುಮ್ನೆ ಬಿಡುತ್ತೀರಾ?

ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಹಳಗನ್ನಡದ ‘ತಲಕಾಡೊಳ್’ ಅನ್ನುವುದನ್ನು ಊರಿನ ಹಳೆಯ ಹೆಸರು ಅಂತ ಬರೆದುಬಿಟ್ಟಿದ್ದೆ. ಹಿರಿಯರೊಬ್ಬರು ‘ಒಳ್’ಗೆ ಮುಂಚೆ ಪೆನ್ಸಿಲಿನಿಂದ ಸಣ್ಣದೊಂದು ಗೀಟು ಎಳೆದು ಹಾಳೆ ವಾಪಸ್ ಕೊಟ್ಟರು, ಒಂದು ಮಾತೂ ಆಡಲಿಲ್ಲ. ನನ್ನ ಮುಖ ಬಿಸಿಯಾಗಿತ್ತು. ಅವತ್ತಿನಿಂದ ಗೊತ್ತಿಲ್ಲದ ಭಾಷೆಯ ಪದ ಎದುರಾದರೆ ಮೊದಲು ಅದರ ಬಾಲ ನೋಡುತ್ತೇನೆ.

ಈ ಎರಡು ಸಾಲು ತಿದ್ದಿ ಮತ್ತೆ ಕಳಿಸಿ. ಎರಡನೇ ದಿನದ ಬಗ್ಗೆ ಜಾಸ್ತಿ ಬರೆಯಿರಿ. ಪುಟ್ಟ ಮಕ್ಕಳ ತಲೆಗೆ ಹೂವಿನ ದಂಡೆ ಮುಡಿಸುತ್ತಿದ್ದದ್ದು ಆ ಹಬ್ಬದಲ್ಲೇ. ಅಥೆನ್ಸಿನಲ್ಲಿ ಸಿಕ್ಕಿರುವ ಸಣ್ಣ ಸಣ್ಣ ಹೂಜಿಗಳ ಮೇಲೆ ಅಂಬೆಗಾಲಿಡುವ ಮಕ್ಕಳ ಚಿತ್ರಗಳಿವೆ. ಲೇಖನ ಅಲ್ಲಿಂದಲೇ ಶುರುವಾಗಲಿ.