ಅಮೆರಿಕದಲ್ಲಿ ಕೋಡ್ ಎನ್‌ಫೋರ್ಸ್‌ಮೆಂಟ್ ಆಫೀಸರ್ ಆಗಲು ಮೊದಲು ಯಾವ ಪರೀಕ್ಷೆ ಬರೆಯಬೇಕು?

ಸಿವಿಲ್ ಡಿಗ್ರಿ ಇದೆ, ಅಮೆರಿಕದ ಯಾವುದಾದರೂ ಊರಿನ ನಗರಾಡಳಿತದಲ್ಲಿ ಈ ಕೆಲಸಕ್ಕೆ (ಮನೆ, ಕಟ್ಟಡ, ಜಾಗಗಳು ಊರಿನ ನಿಯಮದಂತೆ ಇವೆಯೇ ಅಂತ ನೋಡಿ, ಇಲ್ಲದಿದ್ದರೆ ನೋಟಿಸ್ ಕೊಡುವ ಕೆಲಸ) ಸೇರಬೇಕು, ಮೊದಲು ಯಾವ ಸರ್ಟಿಫಿಕೇಟ್ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ಫೀಸು ಕಟ್ಟುವ ಮುಂಚೆ ಯಾವ ರಾಜ್ಯ ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಇಡೀ ದೇಶಕ್ಕೆ ನಡೆಯುವ ಲೈಸೆನ್ಸ್ ಅಂತ ಒಂದಿಲ್ಲ.

ಟೆಕ್ಸಸ್‌ನಲ್ಲಿ ರಾಜ್ಯದ ಲೈಸೆನ್ಸಿಂಗ್ ಇಲಾಖೆಯ ನೋಂದಣಿ ಇಲ್ಲದೆ ಆ ಹುದ್ದೆಯ ಹೆಸರನ್ನೇ ಹೇಳಿಕೊಳ್ಳುವಂತಿಲ್ಲ. 36 ಗಂಟೆ ತರಬೇತಿ, ಒಂದು ಪರೀಕ್ಷೆ, ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು. ಅನುಭವ ಇಲ್ಲದವರು 'ಇನ್ ಟ್ರೇನಿಂಗ್' ಅಂತ ನೋಂದಾಯಿಸಿಕೊಂಡು ಶುರುಮಾಡುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ (ನ್ಯೂಯಾರ್ಕ್ ಸಿಟಿಯ ಲೆಕ್ಕ ಬೇರೆ) ಉಲ್ಟಾ: ಮೊದಲು ನೇಮಕ, ಆಮೇಲೆ 18 ತಿಂಗಳೊಳಗೆ ಮೂಲ ತರಬೇತಿ, ಮುಂದೆ ವರ್ಷಕ್ಕೆ 24 ಗಂಟೆ. ಅಲ್ಲಿಗೆ ಮೊದಲೇ ಸರ್ಟಿಫಿಕೇಟ್ ಹಿಡಿದುಕೊಂಡು ಹೋಗುವುದರಿಂದ ದೊಡ್ಡ ಲಾಭವೇನಿಲ್ಲ. ಕ್ಯಾಲಿಫೋರ್ನಿಯಾದ ಜಾಹೀರಾತುಗಳಲ್ಲಿ 'ಪಿಸಿ 832' ಅಂತ ಕಂಡರೆ ಅದನ್ನು ಕಟ್ಟಡದ ಕೋಡ್ ಅಂದುಕೊಳ್ಳಬೇಡಿ. ಪೀನಲ್ ಕೋಡ್‌ನ 832ನೇ ಸೆಕ್ಷನ್ ಹೇಳುವ, ಬಂಧನದ ಅಧಿಕಾರಕ್ಕೆ ಸಂಬಂಧಿಸಿದ ತರಬೇತಿ ಅದು.

ರಾಜ್ಯ ಇನ್ನೂ ಗೊತ್ತಿಲ್ಲ ಅಂದರೆ, ಊರುಗಳು ಅಂಗೀಕರಿಸಿಕೊಳ್ಳುವ ಮಾದರಿ ಕೋಡ್‌ಗಳನ್ನು (ಕಟ್ಟಡದ ನಿಯಮಗಳ ಪುಸ್ತಕ) ಬರೆಯುವ ಸಂಸ್ಥೆ ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್‌ನ 'ಪ್ರಾಪರ್ಟಿ ಮೇಂಟೆನೆನ್ಸ್ ಅಂಡ್ ಹೌಸಿಂಗ್ ಇನ್‌ಸ್ಪೆಕ್ಟರ್' ಬರೆಯಿರಿ. ಪುಸ್ತಕ ನೋಡಿ ಬರೆಯುವ ಪರೀಕ್ಷೆ, ಹಾಗಂತ ಸಲೀಸಲ್ಲ. ಪರೀಕ್ಷೆಗೆ ಆಧಾರವಾದ ನಿರ್ವಹಣಾ ಕೋಡ್ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ನಿಮ್ಮ ಪರೀಕ್ಷೆ ಯಾವ ಆವೃತ್ತಿಯ ಮೇಲೆ ಅಂತ ನೋಡಿಯೇ ಪುಸ್ತಕ ಕೊಳ್ಳಿ.

ಎಂಜಿನಿಯರ್‌ಗಳು ಎಡವುವುದು ತಮಗೆ ಗೊತ್ತಿರುವ ವಿಷಯದಲ್ಲೇ. ಬಾಲ್ಕನಿ ಕಂಬಿಯ ಕನಿಷ್ಠ ಎತ್ತರ ಎಷ್ಟು ಅಂದರೆ, ಹೊಸ ಕಟ್ಟಡದ ಕೋಡ್ ಓದಿದವರು ಕಣ್ಣುಮುಚ್ಚಿ 42 ಇಂಚು ಅಂತಾರೆ. ಇಲ್ಲಿ ಪ್ರಶ್ನೆ ಈಗಾಗಲೇ ಇರುವ ಮನೆಯ ನಿರ್ವಹಣೆಯದು, ಉತ್ತರ 30. ಮಲಗುವ ಕೋಣೆ ಕನಿಷ್ಠ 70 ಚದರಡಿ, ಆದರೆ ಒಬ್ಬರಿಗಿಂತ ಹೆಚ್ಚು ಜನ ಮಲಗಿದರೆ ತಲೆಗೆ 50. ಹಾಗಾಗಿ 90 ಚದರಡಿಯ ಕೋಣೆ ಒಬ್ಬರಿಗೆ ಧಾರಾಳ, ಇಬ್ಬರಿಗೆ ಫೇಲ್.

ಹುಲ್ಲು ಎಷ್ಟು ಇಂಚು ಬೆಳೆದರೆ ನೋಟಿಸ್ ಅಂತ ಆ ಪುಸ್ತಕದಲ್ಲಿ ಹುಡುಕಬೇಡಿ, ಅಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ. ತುಂಬುವುದು ಆಯಾ ಊರಿನ ಆರ್ಡಿನೆನ್ಸ್, ಅಂದರೆ ನಗರಾಡಳಿತ ಮಾಡಿಕೊಂಡ ಸ್ಥಳೀಯ ಕಾನೂನು. ಕೆಲಸಕ್ಕೆ ಸೇರಿದ ಮೇಲೂ ಇದೇ ಕಾಡುವುದು: ನೋಟಿಸ್‌ನಲ್ಲಿ ಮಾದರಿ ಕೋಡ್‌ನ ಸೆಕ್ಷನ್ ಬರೆದು, ಊರು ಅಂಗೀಕರಿಸಿದ ಆರ್ಡಿನೆನ್ಸ್ ನಂಬರ್ ಬಿಟ್ಟರೆ ವಿಚಾರಣೆಯಲ್ಲಿ ಕೇಸು ಬಿದ್ದುಹೋಗಬಹುದು. ಸರ್ಟಿಫಿಕೇಟ್ ಇದೆ ಅಂತ ಯಾರ ಮನೆಯೊಳಗೂ ನುಗ್ಗುವ ಹಾಗಿಲ್ಲ. ಮನೆಯವರು ಬೇಡ ಅಂದರೆ, ತುರ್ತು ಸಂದರ್ಭ ಬಿಟ್ಟು, ವಾರಂಟ್ ತರಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಕಮಾರಾ ಪ್ರಕರಣದಲ್ಲಿ ಇದನ್ನು ಹೇಳಿದೆ. ಸಂದರ್ಶನದಲ್ಲಿ ಇದನ್ನು ಕೇಳಿದರೆ ತಡವರಿಸದೆ ಹೇಳಲು ಬರಬೇಕು.