ಅಲುಗಾಡದ ಲೀಡರ್ ಆಗೋದು ಹೇಗೆ ಅಂತ ಕೇಳಿದವರಿಗೆ

ಹೊಸದಾಗಿ ಟೀಮ್ ಲೀಡ್ ಆಗಿದ್ದೀರಿ, ಏನೇ ಆದರೂ ಅಲುಗಾಡದೆ ಇರೋಕೆ ಸ್ಟೋಯಿಕ್ ತತ್ವವನ್ನು, ಅಂದರೆ ಪ್ರಾಚೀನ ಗ್ರೀಕ್-ರೋಮನ್ ಚಿಂತಕರ ಒಂದು ಜೀವನತತ್ವವನ್ನು, ಹೇಗೆ ಬಳಸಬೇಕು, ಯಾವ ಪುಸ್ತಕದಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ನಾನು ಅಲುಗಾಡದ ಬಾಸ್ ಆಗಿದ್ದವನು. ಅದರಿಂದ ಕಂಪನಿ ಮುಚ್ಚುವ ಹಂತಕ್ಕೆ ಬಂತು.

ನನ್ನದು ಸಣ್ಣ ಸಾಫ್ಟ್‌ವೇರ್ ಕಂಪನಿ. ಆದಾಯದ ಅರ್ಧಕ್ಕಿಂತ ಜಾಸ್ತಿ ಒಂದೇ ಕ್ಲೈಂಟ್‌ನಿಂದ ಬರುತ್ತಿತ್ತು. ಅವರು ಬಿಲ್ ಕೊಡೋದು ತಡ ಮಾಡತೊಡಗಿದರು. ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವರು ಬಂದು, 'ಸರ್, ಇದು ಯಾಕೋ ಸರಿ ಕಾಣ್ತಿಲ್ಲ' ಅಂದರು. ನಾನು ಆಗಷ್ಟೇ ಸ್ಟೋಯಿಕ್ ಗುರು ಎಪಿಕ್ಟೀಟಸ್‌ನ ಕೈಪಿಡಿ ಓದಿ ಮುಗಿಸಿದ್ದೆ. ಕೆಲವು ವಿಷಯ ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಅಂತಲೇ ಆ ಪುಸ್ತಕ ಶುರುವಾಗುತ್ತದೆ. ನಾನು ಮುಗುಳ್ನಕ್ಕು, 'ದುಡ್ಡು ಕೊಡೋದು ಬಿಡೋದು ಅವರ ಕೈಯಲ್ಲಿದೆ. ನಾವು ನಮ್ಮ ಕೆಲಸ ಮಾಡೋಣ' ಅಂದೆ. ಒಳಗೊಳಗೆ ನನ್ನ ಬಗ್ಗೆ ಹೆಮ್ಮೆ ಬೇರೆ.

ನಾನು ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಲೈಂಟ್ ದುಡ್ಡು ಕೊಡುತ್ತಾರೋ ಇಲ್ಲವೋ ಅನ್ನೋದು ನಿಜವಾಗಿಯೂ ನನ್ನ ಕೈಯಲ್ಲಿ ಇರಲಿಲ್ಲ. ಆದರೆ ಫೋನ್ ಎತ್ತಿ ಕೇಳೋದು? ಹಳೇ ಬಾಕಿ ಬರುವವರೆಗೆ ಹೊಸ ಕೆಲಸ ನಿಲ್ಲಿಸೋದು? ಬ್ಯಾಂಕಿನಲ್ಲಿ ಎಷ್ಟು ತಿಂಗಳ ಸಂಬಳಕ್ಕೆ ಹಣ ಇದೆ ಅಂತ ಲೆಕ್ಕ ಹಾಕೋದು? ಇನ್ನೊಂದು ಕ್ಲೈಂಟ್ ಹುಡುಕೋದು? ಅಷ್ಟೂ ನನ್ನ ಕೈಯಲ್ಲೇ ಇತ್ತು. ಎಪಿಕ್ಟೀಟಸ್ ಅಲ್ಲಿ ಎರಡು ಪಟ್ಟಿ ಕೊಡುತ್ತಾನೆ. ದೇಹ, ಆಸ್ತಿ, ಹೆಸರು, ಅಧಿಕಾರ ನಮ್ಮವಲ್ಲ ಅನ್ನುತ್ತಾನೆ. ನಮ್ಮ ಅಭಿಪ್ರಾಯ, ನಮ್ಮ ಬಯಕೆ, ಒಂದು ಕೆಲಸಕ್ಕೆ ಕೈ ಹಾಕುವ ನಿರ್ಧಾರ ನಮ್ಮದು ಅನ್ನುತ್ತಾನೆ. ನಾನು ಆಸ್ತಿಯ ಪಟ್ಟಿ ಹಿಡಿದುಕೊಂಡೆ, ನಿರ್ಧಾರದ ಪಟ್ಟಿ ಬಿಟ್ಟೆ. ಯಾಕೆ ಅಂದರೆ ಆ ಕ್ಲೈಂಟ್ ಜೊತೆ ಗಟ್ಟಿಯಾಗಿ ಮಾತಾಡೋಕೆ ನನಗೆ ಭಯ ಇತ್ತು. ಭಯಕ್ಕೆ ತತ್ವಶಾಸ್ತ್ರದ ಹೊದಿಕೆ ಸಿಕ್ಕಿತು. ನೋಡೋಕೂ ಚೆನ್ನಾಗಿತ್ತು.

ಇನ್ನೂ ಕೆಟ್ಟದ್ದು ಆಮೇಲೆ ಆಯಿತು. ಆ ನಿರ್ಲಿಪ್ತ ಮುಖ ನೋಡಿ ಜನ ನನ್ನ ಹತ್ತಿರ ಕೆಟ್ಟ ಸುದ್ದಿ ತರೋದನ್ನೇ ನಿಲ್ಲಿಸಿದರು. ಹೇಳಿ ಏನು ಪ್ರಯೋಜನ, ಇವರಿಗೆ ಏನೂ ಅನ್ನಿಸಲ್ಲ ಅಂತ. ಕ್ಲೈಂಟ್ ಕಡೆಯವರು ಬೇರೆ ಕಂಪನಿ ಜೊತೆ ಮಾತಾಡುತ್ತಿದ್ದ ವಿಷಯ ನಮ್ಮ ಡೆವಲಪರ್‌ಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಹೋದರು, ಬಾಕಿ ಪೂರ್ತಿ ಬರಲೇ ಇಲ್ಲ, ಒಳ್ಳೆಯ ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಏನೂ ಅನ್ನಿಸದ ಹಾಗೆ ಇರು ಅಂತ ಸ್ಟೋಯಿಕರು ಹೇಳಲೇ ಇಲ್ಲ. ಔಲಸ್ ಗೆಲಿಯಸ್ ಅನ್ನೋ ರೋಮನ್ ಬರಹಗಾರ ಒಂದು ಹಡಗಿನ ಪ್ರಯಾಣದ ಬಗ್ಗೆ ಬರೆದಿದ್ದಾನೆ. ಬಿರುಗಾಳಿಯಲ್ಲಿ ಜೊತೆಗಿದ್ದ ಸ್ಟೋಯಿಕ್ ಗುರುವಿನ ಮುಖವೂ ಬಿಳಿಚಿಕೊಂಡಿತಂತೆ. ಆಮೇಲೆ ಇದೇನು ಅಂತ ಕೇಳಿದರೆ, ಆತ ಚೀಲದಿಂದ ಎಪಿಕ್ಟೀಟಸ್‌ನ ಪುಸ್ತಕ ತೆಗೆದು ತೋರಿಸಿದ. ಮೊದಲ ಬೆಚ್ಚುವಿಕೆ ಜ್ಞಾನಿಗೂ ಆಗುತ್ತದೆ, ಅದನ್ನು ನಂಬಿಕೊಂಡು ಹೊರಡಬೇಕಾ ಅನ್ನೋದಷ್ಟೇ ನಮಗೆ ಬಿಟ್ಟದ್ದು ಅಂತ ಅದರಲ್ಲಿತ್ತು. ಸೆನೆಕಾ ಅನ್ನೋ ರೋಮನ್ ಸ್ಟೋಯಿಕ್ ಕೂಡ ಕೋಪದ ಬಗ್ಗೆ ಬರೆಯುವಾಗ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ನನಗೆ ಅಕೌಂಟ್ಸ್‌ನವರ ಮಾತು ಕೇಳಿದಾಗ ಎದೆ ಧಸಕ್ ಅಂದಿತ್ತು. ಅದನ್ನು ಅವರ ಮುಂದೆ ಒಪ್ಪಿಕೊಂಡು, 'ಕೂತ್ಕೊಳ್ಳಿ, ಲೆಕ್ಕ ನೋಡೋಣ' ಅಂದಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ದಯವಿಟ್ಟು ಈ ತತ್ವವನ್ನು ನಿಮ್ಮ ಟೀಮ್‌ಗೆ ಉಪದೇಶ ಮಾಡಬೇಡಿ. ರಾತ್ರಿ ಹತ್ತರವರೆಗೆ ಕೆಲಸ ಮಾಡುತ್ತಿರುವವರಿಗೆ 'ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ' ಅಂದರೆ ಅದು ಲುಚ್ಚಾತನ. ಅವರ ಕೈಯಲ್ಲಿ ಇಲ್ಲ, ಸರಿ. ನಿಮ್ಮ ಕೈಯಲ್ಲಿ ಇದೆ ಅಲ್ವಾ? ಎಪಿಕ್ಟೀಟಸ್ ಗುಲಾಮನಾಗಿದ್ದವನು, ಇನ್ನೊಬ್ಬ ಸ್ಟೋಯಿಕ್ ಮಾರ್ಕಸ್ ಔರೇಲಿಯಸ್ ರೋಮಿನ ಚಕ್ರವರ್ತಿ. ಗುಲಾಮ ಸಹಿಸಲೇಬೇಕಾಗಿದ್ದ ಎಷ್ಟೋ ಸಂಗತಿಗಳನ್ನು ಚಕ್ರವರ್ತಿ ಒಂದು ಆಜ್ಞೆಯಲ್ಲಿ ಬದಲಿಸಬಹುದಿತ್ತು. ಟೀಮ್ ಲೀಡ್ ಅಂದಮೇಲೆ ಆ ಆಜ್ಞೆಯ ಒಂದು ಚೂರು ನಿಮ್ಮ ಹತ್ತಿರವೂ ಇದೆ. ಮೊದಲು ಅದನ್ನು ಬಳಸಿ.

ಬೆಳಗ್ಗೆ ಎದ್ದು ಕೆಟ್ಟದ್ದನ್ನೆಲ್ಲ ಊಹಿಸಿಕೊಳ್ಳೋದು, ಡೈರಿ ಬರೆಯೋದು ಇವೆಲ್ಲ ಬೇಕಿದ್ದರೆ ಮಾಡಿ, ನಷ್ಟ ಇಲ್ಲ. ಸೆನೆಕಾ ಹೇಳುವ ಒಂದು ಉಪಾಯ ಮಾತ್ರ ನನಗೆ ಇವತ್ತಿಗೂ ದಿನಾ ಬೇಕು: ಸಿಟ್ಟು ಬಂದಾಗ ತಡ ಮಾಡೋದು. ಸಿಟ್ಟಿನಲ್ಲಿ ಬರೆದ ಇಮೇಲ್ ಮರುದಿನದವರೆಗೆ ಡ್ರಾಫ್ಟ್‌ನಲ್ಲೇ ಇರುತ್ತದೆ. ಬಹಳಷ್ಟು ಅಲ್ಲೇ ಉಳಿದಿವೆ.

ಪುಸ್ತಕ ಅಂದರೆ, ಮಾರ್ಕಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳಿಂದ, ಅಂದರೆ 'ಮೆಡಿಟೇಶನ್ಸ್'ನಿಂದ ಶುರು ಮಾಡಿ. ಎಷ್ಟೋ ಜನ ಮೊದಲ ಭಾಗ ಹಾರಿಸುತ್ತಾರೆ, ಯಾಕಂದರೆ ಅದರಲ್ಲಿ ಉಪದೇಶ ಇಲ್ಲ, ಯಾರಿಂದ ಏನು ಕಲಿತೆ ಅನ್ನುವ 17 ತುಣುಕುಗಳಷ್ಟೇ ಇವೆ. ನೀವು ಹಾರಿಸಬೇಡಿ. 16ನೆಯದರಲ್ಲಿ ದತ್ತು ತಂದೆ ಆಂಟೋನಿನಸ್ ಬಗ್ಗೆ ಬರೆದಿದ್ದಾನೆ. ಸಾರ್ವಜನಿಕ ಹಿತಕ್ಕೆ ಯಾರೇ ಏನೇ ಹೇಳಬಂದರೂ ಕಿವಿಗೊಡುತ್ತಿದ್ದ, ಖರ್ಚಿನ ಮೇಲೆ ಕಣ್ಣಿಟ್ಟಿದ್ದ, ಅದಕ್ಕೆ ಜನ ಬೈದರೂ ಸಹಿಸಿಕೊಂಡ ಅಂತ. ನಾನು ಅದನ್ನು ಓದಿದ್ದು ಎಲ್ಲ ಆದಮೇಲೆ.